ಯಕೃತ್ತಿನ ಫೈಬ್ರೋಸಿಸ್ ಹಂತ ನಿರ್ಧಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಯಕೃತ್ತಿನ ಬಯಾಪ್ಸಿ ವರದಿ ಕೈಗೆ ಬಂದಾಗ ವೈದ್ಯರ ಕಣ್ಣು ಮೊದಲು ಹುಡುಕುವುದು ಒಂದು ಅಂಕಿಯನ್ನು: ಫೈಬ್ರೋಸಿಸ್, ಅಂದರೆ ಗಾಯದ ನಾರು ಬೆಳೆಯುವಿಕೆ, ಎಷ್ಟನೇ ಹಂತದಲ್ಲಿದೆ? ಔಷಧ ಆರಂಭಿಸಬೇಕೇ, ಯಕೃತ್ತಿನ ಕ್ಯಾನ್ಸರ್‌ಗಾಗಿ ನಿಯಮಿತ ತಪಾಸಣೆ ಬೇಕೇ ಎಂಬ ತೀರ್ಮಾನಗಳಿಗೆ ಅನೇಕ ಸಲ ಆ ಅಂಕಿಯೇ ಆಧಾರ. ಪೆಥಾಲಜಿ ಕಲಿಯುತ್ತಿರುವವರೂ ವರದಿ ಓದುವ ವೈದ್ಯರೂ ನನ್ನ ಬಳಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಕೃತ್ತಿನ ಒಳರಚನೆ ಎಷ್ಟು ಕೆಟ್ಟಿದೆ ಎಂಬುದನ್ನು ಚುಟುಕಾಗಿ ಹೇಳುವ ಸಂಕೇತವೇ ಹಂತದ ಅಂಕಿ. ರಚನೆಯನ್ನು ನೋಡಿ, ಮಾತಿನಲ್ಲಿ ವಿವರಿಸಿದ ಮೇಲಷ್ಟೇ ಅಂಕಿ ಬರೆಯಬೇಕು.

ಗ್ರೇಡ್ ಮತ್ತು ಹಂತ ಒಂದೇ ಅಲ್ಲವೇ?

ಅಲ್ಲ. ಉರಿಯೂತ ಮತ್ತು ಜೀವಕೋಶಗಳ ನಾಶ ಈಗ ಎಷ್ಟು ನಡೆಯುತ್ತಿದೆ ಎಂಬುದು ಗ್ರೇಡ್. ಇದುವರೆಗಿನ ಹಾನಿಯಿಂದ ಎಷ್ಟು ನಾರು ಬೆಳೆದಿದೆ, ಅದು ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂಬುದು ಹಂತ. 1981ರಲ್ಲಿ ಬಂದ ನೋಡೆಲ್ ಸೂಚ್ಯಂಕ ಎರಡನ್ನೂ ಕೂಡಿಸಿ 22ರವರೆಗಿನ ಒಂದೇ ಮೊತ್ತ ಕೊಡುತ್ತಿತ್ತು. ಅದರ ತೊಡಕು ಸ್ಪಷ್ಟ: ಒಬ್ಬರಲ್ಲಿ ಉರಿಯೂತಕ್ಕೆ 9, ಫೈಬ್ರೋಸಿಸ್‌ಗೆ 0, ಇನ್ನೊಬ್ಬರಲ್ಲಿ ಉರಿಯೂತಕ್ಕೆ 6, ಫೈಬ್ರೋಸಿಸ್‌ಗೆ 3. ಮೊತ್ತ ಇಬ್ಬರಿಗೂ ಒಂದೇ, ಮುಂದಿನ ದಾರಿ ಮಾತ್ರ ಒಂದೇ ಅಲ್ಲ. 1990ರ ದಶಕದಲ್ಲಿ ಬಂದ ಪದ್ಧತಿಗಳು ಇವೆರಡನ್ನೂ ಬೇರ್ಪಡಿಸಿದ್ದು ಇದೇ ಕಾರಣಕ್ಕೆ. ಇಂದಿಗೂ ವರದಿಯಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿಯೇ ಬರೆಯಬೇಕು.

ನಾರು ಎಲ್ಲಿಂದ ಬರುತ್ತದೆ? ಅದು ಬೆಳೆಯುವ ಜಾಗ ಏಕೆ ಮುಖ್ಯ?

ಯಕೃತ್ತಿನ ಮುಖ್ಯ ಜೀವಕೋಶಗಳಾದ ಹೆಪಟೋಸೈಟ್‌ಗಳಿಗೂ ಸೈನುಸಾಯ್ಡ್ ಎಂಬ ಕಿರು ರಕ್ತನಾಳಗಳ ಗೋಡೆಗೂ ನಡುವೆ ಡಿಸ್ಸೆ ಅವಕಾಶ ಎಂಬ ಕಿರಿದಾದ ಜಾಗವಿದೆ. ಆರೋಗ್ಯವಂತ ಯಕೃತ್ತಿನಲ್ಲಿ ವಿಟಮಿನ್ ಎ ಕೂಡಿಟ್ಟುಕೊಳ್ಳುವ ಸ್ಟೆಲೇಟ್ ಕೋಶಗಳು ಅಲ್ಲಿರುತ್ತವೆ. ಹಾನಿ ಮುಂದುವರಿದಾಗ ಅವು ತಮ್ಮ ವಿಟಮಿನ್ ದಾಸ್ತಾನು ಕಳೆದುಕೊಂಡು ಮಯೋಫೈಬ್ರೋಬ್ಲಾಸ್ಟ್‌ಗಳಾಗಿ ಮಾರ್ಪಡುತ್ತವೆ. ಒಂದನೇ ಮತ್ತು ಮೂರನೇ ಬಗೆಯ ಕೊಲಾಜೆನ್ ಎಂಬ ನಾರಿನ ಪ್ರೋಟೀನನ್ನು ಸುರಿಸತೊಡಗುತ್ತವೆ. ಪಿತ್ತನಾಳದ ಕಾಯಿಲೆಗಳಲ್ಲಿ ಪೋರ್ಟಲ್ ಟ್ರ್ಯಾಕ್ಟ್‌ನ (ಯಕೃತ್ತಿನೊಳಗೆ ರಕ್ತನಾಳಗಳೂ ಪಿತ್ತನಾಳವೂ ಒಟ್ಟಿಗೆ ಸಾಗುವ ಜಾಗ) ಫೈಬ್ರೋಬ್ಲಾಸ್ಟ್‌ಗಳೂ ಈ ಕೆಲಸಕ್ಕೆ ಕೂಡಿಕೊಳ್ಳುತ್ತವೆ.

ಹಾನಿ ಎಲ್ಲಿ ಶುರುವಾಗುತ್ತದೋ ನಾರು ಅಲ್ಲೇ ಮೊದಲು ಕಾಣುತ್ತದೆ. ದೀರ್ಘಕಾಲದ ಹೆಪಟೈಟಿಸ್ ಬಿ ಮತ್ತು ಸಿ, ಆಟೋಇಮ್ಯೂನ್ ಹೆಪಟೈಟಿಸ್ ಇವುಗಳಲ್ಲಿ ಪೋರ್ಟಲ್ ಟ್ರ್ಯಾಕ್ಟ್‌ಗಳು ಮೊದಲು ಹಿಗ್ಗುತ್ತವೆ. ಕೊಬ್ಬಿನ ಯಕೃತ್ತು ಮತ್ತು ಮದ್ಯಪಾನದ ಹಾನಿಯಲ್ಲಿ, ವಯಸ್ಕರಾದರೆ, ನಾರು ಮೂರನೇ ವಲಯದಲ್ಲಿ ಕೇಂದ್ರ ರಕ್ತನಾಳದ ಸುತ್ತ ಒಂದೊಂದು ಹೆಪಟೋಸೈಟನ್ನೂ ಬಲೆಯಂತೆ ಸುತ್ತಿಕೊಳ್ಳುತ್ತದೆ. ಹೃದಯದ ವೈಫಲ್ಯದಿಂದ ರಕ್ತ ಹಿಂದಕ್ಕೆ ಒತ್ತಿದಾಗಲೂ ಆರಂಭ ಅಲ್ಲಿಂದಲೇ. ಹೀಗಾಗಿ ಎಲ್ಲ ಕಾಯಿಲೆಗಳಿಗೂ ಒಂದೇ ಅಳತೆಪಟ್ಟಿ ಹಿಡಿಯಲು ಬರುವುದಿಲ್ಲ. ಮೊದಲು ಕಾಯಿಲೆ ಯಾವುದೆಂದು ತಿಳಿಯಬೇಕು, ಆಮೇಲೆ ಪದ್ಧತಿಯನ್ನು ಆರಿಸಬೇಕು.

ಹಂತ ಹೇಳಲು ಎಷ್ಟು ಅಂಗಾಂಶ ಬೇಕು?

ಈ ಪ್ರಶ್ನೆಗೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ ಎಂಬುದು ನನ್ನ ದೂರು. ಸೂಜಿ ಬಯಾಪ್ಸಿಯಲ್ಲಿ ನಮಗೆ ದಕ್ಕುವುದು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು. ಫೈಬ್ರೋಸಿಸ್ ಎಲ್ಲೆಡೆಯೂ ಸಮನಾಗಿ ಹರಡಿರುವುದಿಲ್ಲ. ಹೆಪಟೈಟಿಸ್ ಸಿ ರೋಗಿಗಳ ಯಕೃತ್ತಿನ ದೊಡ್ಡ ತುಂಡುಗಳ ಚಿತ್ರದಿಂದ ಬೇರೆ ಬೇರೆ ಉದ್ದದ ಕಾಲ್ಪನಿಕ ಬಯಾಪ್ಸಿಗಳನ್ನು ಕತ್ತರಿಸಿ ನೋಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. 15 ಮಿಲಿಮೀಟರ್ ಉದ್ದದ ತುಂಡುಗಳಲ್ಲಿ ಶೇ. 65ರಷ್ಟು ಮಾತ್ರ ಸರಿಯಾದ ಹಂತ ತೋರಿಸಿದವು. 25 ಮಿಲಿಮೀಟರ್ ಇದ್ದಾಗ ಶೇ. 75ರಷ್ಟು. ಒಳ್ಳೆಯ ಉದ್ದದ ತುಂಡಿನಲ್ಲೂ ನಾಲ್ಕರಲ್ಲೊಂದು ತಪ್ಪಬಹುದು ಎಂದಾಯಿತು. ಮಾದರಿ ಚಿಕ್ಕದಾದಷ್ಟೂ, ತೆಳುವಾದಷ್ಟೂ ಕಾಯಿಲೆಯನ್ನು ಇರುವುದಕ್ಕಿಂತ ಹಗುರವಾಗಿ ಅಂದಾಜಿಸುವ ಅಪಾಯ ಹೆಚ್ಚು.

ರೂಢಿಯಲ್ಲಿರುವ ಗುರಿ ಹೀಗಿದೆ: ಕನಿಷ್ಠ 2 ಸೆಂಟಿಮೀಟರ್ ಉದ್ದ, ಸಾಧ್ಯವಾದರೆ 16 ಗೇಜ್ ಸೂಜಿ, ಕನಿಷ್ಠ 11 ಪೂರ್ಣ ಪೋರ್ಟಲ್ ಟ್ರ್ಯಾಕ್ಟ್‌ಗಳು. ಪೂರ್ಣ ಎಂದರೆ ಇಡೀ ಸುತ್ತಳತೆ ಸ್ಲೈಡ್‌ನೊಳಗೆ ಬಂದಿರಬೇಕು. ಅಂಚಿನಲ್ಲಿ ಅರ್ಧ ಕತ್ತರಿಸಿದ್ದು ಲೆಕ್ಕಕ್ಕಿಲ್ಲ. ಮಾದರಿ ಇದಕ್ಕಿಂತ ಕಡಿಮೆಯಿದ್ದರೆ ವರದಿ ನಿಲ್ಲಿಸಬೇಕಾಗಿಲ್ಲ. ಕಂಡ ಹಂತ ಬರೆದು, ಉದ್ದ ಮತ್ತು ಟ್ರ್ಯಾಕ್ಟ್‌ಗಳ ಎಣಿಕೆ ತಿಳಿಸಿ, ಕಾಯಿಲೆ ಇದಕ್ಕಿಂತ ಮುಂದುವರಿದಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ನೇರವಾಗಿ ಹೇಳಬೇಕು. ಇನ್ನೊಂದು ಕಡೆಯಿಂದ, ಚಿಕ್ಕ ತುಂಡಿನಲ್ಲೇ ಸಿರೋಸಿಸ್ (ನಾರಿನ ಪಟ್ಟಿಗಳು ಯಕೃತ್ತನ್ನು ಗಂಟುಗಳಾಗಿ ಒಡೆದ ಕೊನೆಯ ಸ್ಥಿತಿ) ನಿಚ್ಚಳವಾಗಿ ಕಂಡರೆ ಉದ್ದ ಸಾಲದೆಂದು ಹಿಂಜರಿಯಬೇಕಾಗಿಲ್ಲ.

ಯಾವ ಬಣ್ಣಗಳು ಬೇಕು? ಎಚ್ ಅಂಡ್ ಇ ಸಾಲದೇ?

ಸಾಲದು. ಮುಂದುವರಿದ ಸಿರೋಸಿಸ್ ವಾಡಿಕೆಯ ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೋಸಿನ್) ಬಣ್ಣದಲ್ಲೇ ಕಾಣುತ್ತದೆ, ನಿಜ. ಆದರೆ ಸೈನುಸಾಯ್ಡ್‌ಗಳ ಪಕ್ಕದ ನವಿರು ನಾರು ಅದರಲ್ಲಿ ಸುಲಭವಾಗಿ ಕೈತಪ್ಪುತ್ತದೆ.

ಮ್ಯಾಸನ್ ಟ್ರೈಕ್ರೋಮ್ ಬೇಕೇ ಬೇಕು. ಅದರಲ್ಲಿ ಕೊಲಾಜೆನ್ ನೀಲಿಯಾಗಿಯೋ ಹಸಿರಾಗಿಯೋ ಕಾಣುತ್ತದೆ. ಸಿರಿಯಸ್ ರೆಡ್ ಕೊಲಾಜೆನನ್ನು ಕೆಂಪಾಗಿ ಎತ್ತಿ ತೋರಿಸುತ್ತದೆ, ಕಂಪ್ಯೂಟರ್ ಅಳತೆಗೆ ಅದು ಹೆಚ್ಚು ಅನುಕೂಲ. ಬೆಳ್ಳಿಯ ಲವಣ ಬಳಸುವ ರೆಟಿಕ್ಯುಲಿನ್ ಬಣ್ಣ ಫೈಬ್ರೋಸಿಸ್ ಅಳೆಯಲೆಂದೇ ಇರುವುದಲ್ಲ. ಹೆಪಟೋಸೈಟ್‌ಗಳ ಸಾಲು ಸರಿಯಿದೆಯೇ, ಎಲ್ಲಿ ಕುಸಿದಿದೆ, ಗಂಟುಗಳಾಗಿ ಬಾಗಿದೆಯೇ ಎಂಬುದನ್ನು ಅದು ತಿಳಿಸುತ್ತದೆ. ನಾರೇ ಇಲ್ಲದೆ ಗಂಟುಗಳು ಕಾಣುವ ನೋಡ್ಯುಲರ್ ರಿಜನರೇಟಿವ್ ಹೈಪರ್‌ಪ್ಲೇಸಿಯಾವನ್ನು ಸಿರೋಸಿಸ್ ಎಂದು ಬರೆಯದಂತೆ ತಡೆಯುವುದು ಈ ಬಣ್ಣವೇ.

ಓರ್ಸೀನ್ ಅಥವಾ ವಿಕ್ಟೋರಿಯಾ ಬ್ಲೂ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳುತ್ತೇನೆ, ಏಕೆಂದರೆ ಅನೇಕ ಪ್ರಯೋಗಾಲಯಗಳು ಇವನ್ನು ಕೈಬಿಟ್ಟಿವೆ. ಇವು ಎಲಾಸ್ಟಿಕ್ ನಾರನ್ನು ತೋರಿಸುತ್ತವೆ. ಎಲಾಸ್ಟಿಕ್ ನಾರು ಗಾಯದ ಪಟ್ಟಿಯಲ್ಲಿ ಬೆಳೆಯಲು ಕಾಲ ಬೇಕು. ಪಟ್ಟಿಯೊಂದು ನಿಜವಾದ ಹಳೆಯ ಸೆಪ್ಟಾ (ನಾರಿನ ಅಡ್ಡಗೋಡೆ) ಆಗಿದ್ದರೆ ಅದರಲ್ಲಿ ಎಲಾಸ್ಟಿಕ್ ಇರುತ್ತದೆ. ಕೆಲವು ವಾರಗಳ ಹಿಂದೆ ಹೆಪಟೋಸೈಟ್‌ಗಳು ಸತ್ತು ಚೌಕಟ್ಟು ಕುಸಿದ ಜಾಗವಾಗಿದ್ದರೆ ಇರುವುದಿಲ್ಲ. ಇದರ ಜೊತೆಗೆ ಹೆಪಟೈಟಿಸ್ ಬಿ ಮೇಲ್ಮೈ ಆಂಟಿಜೆನ್ ಮತ್ತು ತಾಮ್ರಕ್ಕೆ ಸಂಬಂಧಿಸಿದ ಪ್ರೋಟೀನ್ ಕೂಡ ಕಾಣಿಸಿಕೊಳ್ಳುತ್ತವೆ. ಒಂದೇ ಸ್ಲೈಡ್‌ನಿಂದ ಇಷ್ಟು ಉತ್ತರ ಕೊಡುವ ಬಣ್ಣವನ್ನು ಬಿಟ್ಟುಕೊಡಬಾರದು.

ಟ್ರೈಕ್ರೋಮ್ ಗಾಢವಾದರೆ ಹಂತ ಮೇಲೇರುತ್ತದೆ, ಪೇಲವವಾದರೆ ಕೆಳಗಿಳಿಯುತ್ತದೆ. ಸ್ಲೈಡ್‌ನಲ್ಲೇ ಇರುವ ದೊಡ್ಡ ರಕ್ತನಾಳದ ಗೋಡೆಯನ್ನು ಮೊದಲು ನೋಡಿ ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಇಶಾಕ್, ಮೆಟಾವಿರ್, ಶೋಯರ್, ಬ್ಯಾಟ್ಸ್–ಲಡ್ವಿಗ್: ಯಾವುದನ್ನು ಬಳಸಬೇಕು?

ದೀರ್ಘಕಾಲದ ಹೆಪಟೈಟಿಸ್‌ಗೆ ಇವು ನಾಲ್ಕೂ ಸಲ್ಲುತ್ತವೆ. ಶೋಯರ್, ಮೆಟಾವಿರ್ ಮತ್ತು ಬ್ಯಾಟ್ಸ್–ಲಡ್ವಿಗ್ 0ಯಿಂದ 4ರವರೆಗೆ ಎಣಿಸುತ್ತವೆ. 1995ರ ಇಶಾಕ್ ಪದ್ಧತಿ 0ಯಿಂದ 6ರವರೆಗೆ.

ಮೆಟಾವಿರ್‌ನಲ್ಲಿ ಎಫ್1 ಎಂದರೆ ಪೋರ್ಟಲ್ ಫೈಬ್ರೋಸಿಸ್ ಇದೆ, ಸೆಪ್ಟಾ ಇಲ್ಲ. ಎಫ್2ರಲ್ಲಿ ಕೆಲವೇ ಸೆಪ್ಟಾಗಳು, ಎಫ್3ರಲ್ಲಿ ಹಲವಾರು, ಆದರೆ ಸಿರೋಸಿಸ್ ಇಲ್ಲ. ಎಫ್4 ಸಿರೋಸಿಸ್. ಇಶಾಕ್‌ನಲ್ಲಿ 1 ಎಂದರೆ ಕೆಲವು ಪೋರ್ಟಲ್ ಟ್ರ್ಯಾಕ್ಟ್‌ಗಳು ಮಾತ್ರ ಹಿಗ್ಗಿವೆ, 2 ಎಂದರೆ ಹೆಚ್ಚಿನವು ಹಿಗ್ಗಿವೆ. 3ರಲ್ಲಿ ಟ್ರ್ಯಾಕ್ಟ್‌ನಿಂದ ಟ್ರ್ಯಾಕ್ಟ್‌ಗೆ ಅಲ್ಲಲ್ಲಿ ನಾರಿನ ಸೇತುವೆ ಬಿದ್ದಿರುತ್ತದೆ. 4ರಲ್ಲಿ ಸೇತುವೆಗಳು ಹೆಚ್ಚಾಗಿ, ಕೇಂದ್ರ ರಕ್ತನಾಳಕ್ಕೂ ತಲುಪಿರುತ್ತವೆ. 5ರಲ್ಲಿ ಅಲ್ಲೊಂದು ಇಲ್ಲೊಂದು ಗಂಟು ಮೂಡಿರುತ್ತದೆ, 6 ಎಂದರೆ ಸಿರೋಸಿಸ್, ಸಂಭಾವ್ಯ ಅಥವಾ ಖಚಿತ.

ನಿತ್ಯದ ಕೆಲಸಕ್ಕೆ ಐದು ಮೆಟ್ಟಿಲುಗಳ ಪದ್ಧತಿ ಸಾಕೆಂಬುದು ನನ್ನ ಅಭಿಪ್ರಾಯ. ಔಷಧ ಪರೀಕ್ಷೆಗಳಲ್ಲಿ, ಒಂದೇ ರೋಗಿಯ ಎರಡು ಬಯಾಪ್ಸಿಗಳ ನಡುವಿನ ಸಣ್ಣ ವ್ಯತ್ಯಾಸ ಹಿಡಿಯಬೇಕಾದಾಗ, ಇಶಾಕ್‌ನ ಏಳು ಮೆಟ್ಟಿಲು ಉಪಯೋಗಕ್ಕೆ ಬರುತ್ತವೆ. ಯಾವುದನ್ನು ಆರಿಸಿದರೂ ನಿಮ್ಮ ಜೊತೆ ಕೆಲಸ ಮಾಡುವ ವೈದ್ಯರಿಗೆ ಅದು ಗೊತ್ತಿರಬೇಕು, ಮತ್ತು ವಿಭಾಗದಲ್ಲಿ ಎಲ್ಲರೂ ಒಂದನ್ನೇ ಬಳಸಬೇಕು. "ಹಂತ 4" ಎಂದಷ್ಟೇ ಬರೆಯುವುದು ಅಪಾಯಕಾರಿ. ಮೆಟಾವಿರ್ ಆದರೆ ಅದು ಸಿರೋಸಿಸ್, ಇಶಾಕ್ ಆದರೆ ಅಲ್ಲ.

ಈ ಅಂಕಿಗಳ ಸರಾಸರಿ ತೆಗೆಯಬಹುದೇ?

ತೆಗೆಯಬಾರದು. ಇವು ಅಳತೆಗಳಲ್ಲ, ವರ್ಗಗಳ ಹೆಸರುಗಳು. ಹಂತ 4ರಲ್ಲಿರುವ ನಾರು ಹಂತ 2ರ ಎರಡರಷ್ಟಲ್ಲ. ಕೊಲಾಜೆನ್ ಪ್ರಮಾಣ ಮೊದಲ ಹಂತಗಳಲ್ಲಿ ನಿಧಾನವಾಗಿ ಏರಿ ಕೊನೆಯ ಹಂತಗಳಲ್ಲಿ ಕಡಿದಾಗಿ ಏರುತ್ತದೆ. ಒಂದು ಗುಂಪಿನ ಸರಾಸರಿ ಹಂತ 2.4 ಎಂದು ಬರೆದರೆ ಅದಕ್ಕೆ ಹೊಂದುವ ಅಂಗಾಂಶವೇ ಇರುವುದಿಲ್ಲ.

ಕೊಬ್ಬಿನ ಯಕೃತ್ತಿನ ಕಾಯಿಲೆಗೆ ಬೇರೆ ಪದ್ಧತಿ ಏಕೆ?

ಅಲ್ಲಿ ನಾರು ಸಾಮಾನ್ಯವಾಗಿ ಪೋರ್ಟಲ್ ಟ್ರ್ಯಾಕ್ಟ್‌ನಲ್ಲಿ ಆರಂಭವಾಗುವುದಿಲ್ಲ ಎಂಬುದೇ ಕಾರಣ. ಮೆಟಾವಿರ್ ಹಿಡಿದು ನೋಡಿದರೆ ಮೂರನೇ ವಲಯದ ಮೊದಲ ಫೈಬ್ರೋಸಿಸ್‌ಗೆ ಜಾಗವೇ ಸಿಗದು. ಅಮೆರಿಕದ ಸಂಶೋಧನಾ ಜಾಲವೊಂದು ರೂಪಿಸಿದ 2005ರ ನ್ಯಾಶ್ ಸಿಆರ್‌ಎನ್ ಪದ್ಧತಿ ಮೊದಲ ಹಂತವನ್ನು ಮೂರಾಗಿ ಒಡೆಯುತ್ತದೆ. ಟ್ರೈಕ್ರೋಮ್‌ನಲ್ಲಿ ಮಾತ್ರ ಕಾಣುವ ನವಿರಾದ ಸೈನುಸಾಯ್ಡ್ ಪಕ್ಕದ ನಾರು 1ಎ. ಎಚ್ ಅಂಡ್ ಇ ಬಣ್ಣದಲ್ಲೂ ಕಾಣುವಷ್ಟು ದಟ್ಟವಾದದ್ದು 1ಬಿ. ಪೋರ್ಟಲ್ ಟ್ರ್ಯಾಕ್ಟ್‌ನಲ್ಲಿ ಮಾತ್ರ ಇರುವುದು 1ಸಿ. ಕೊನೆಯದು ಮಕ್ಕಳಲ್ಲಿ ಮತ್ತು ತೀವ್ರ ಸ್ಥೂಲಕಾಯದವರಲ್ಲಿ ಹೆಚ್ಚಾಗಿ ಸಿಗುತ್ತದೆ. ಎರಡೂ ಜಾಗಗಳಲ್ಲಿದ್ದರೆ 2, ಸೇತುವೆ ಬಿದ್ದರೆ 3, ಸಿರೋಸಿಸ್ 4.

2023ರಲ್ಲಿ ಕಾಯಿಲೆಯ ಹೆಸರು ಎಂಎಎಸ್‌ಎಲ್‌ಡಿ (ಚಯಾಪಚಯ ದೋಷಕ್ಕೆ ಸಂಬಂಧಿಸಿದ ಕೊಬ್ಬಿನ ಯಕೃತ್ತಿನ ಕಾಯಿಲೆ) ಎಂದು ಬದಲಾಯಿತು, ಹಂತಗಳು ಬದಲಾಗಲಿಲ್ಲ. ಈ ಕಾಯಿಲೆಯಲ್ಲಿ ರೋಗಿಯ ಮುಂದಿನ ಆರೋಗ್ಯವನ್ನು ಉಳಿದೆಲ್ಲ ಲಕ್ಷಣಗಳಿಗಿಂತ ಹೆಚ್ಚಾಗಿ ಸೂಚಿಸುವುದು ಫೈಬ್ರೋಸಿಸ್ ಹಂತವೇ. 2024ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರೆಸ್ಮೆಟಿರೋಮ್ ಔಷಧ ಎರಡು ಮತ್ತು ಮೂರನೇ ಹಂತದವರಿಗೆಂದೇ ಇರುವುದು. ಒಂದನ್ನು ಎರಡರಿಂದ, ಮೂರನ್ನು ನಾಲ್ಕರಿಂದ ಬೇರ್ಪಡಿಸುವ ಗೆರೆಗಳಿಗೆ ಈಗ ಹೊಸ ತೂಕ ಬಂದಿದೆ.

ಮದ್ಯಪಾನದ ಹಾನಿಯೂ ಇದೇ ವಿನ್ಯಾಸದ್ದು, ಆದರೆ ಕೇಂದ್ರ ರಕ್ತನಾಳವೇ ಮುಚ್ಚಿಹೋಗುವಷ್ಟು ದಟ್ಟ ನಾರು ಅಲ್ಲಿ ಬೆಳೆಯಬಹುದು. ಆಗ ಸಿರೋಸಿಸ್ ಆಗುವ ಮುಂಚೆಯೇ ಪೋರ್ಟಲ್ ರಕ್ತದೊತ್ತಡ (ಕರುಳಿನಿಂದ ಯಕೃತ್ತಿಗೆ ರಕ್ತ ತರುವ ನಾಳದ ಒತ್ತಡ) ಏರಬಹುದಾದ್ದರಿಂದ ಅಂಕಿಯ ಜೊತೆಗೆ ಅದನ್ನು ಮಾತಿನಲ್ಲಿ ಬರೆಯಲೇಬೇಕು.

ಪಿತ್ತನಾಳದ ಕಾಯಿಲೆಗಳಲ್ಲಿ?

ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್‌ಗೆ 1978ರ ಲಡ್ವಿಗ್ ಹಂತಗಳು ಇಂದಿಗೂ ಬಳಕೆಯಲ್ಲಿವೆ. ಜಪಾನಿನ ನಕನುಮ ಪದ್ಧತಿ ಫೈಬ್ರೋಸಿಸ್ ಜೊತೆಗೆ ಪಿತ್ತನಾಳಗಳ ನಷ್ಟವನ್ನೂ ತಾಮ್ರ ಸಂಬಂಧಿ ಪ್ರೋಟೀನಿನ ಶೇಖರಣೆಯನ್ನೂ ಎಣಿಸುತ್ತದೆ. ಈ ಕಾಯಿಲೆಗಳು ಯಕೃತ್ತಿನಲ್ಲಿ ತೀರಾ ಅಸಮಾನವಾಗಿ ಹರಡುತ್ತವೆ. ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್‌ನಲ್ಲಿ ಸೂಜಿ ಬಯಾಪ್ಸಿಯ ಹಂತವನ್ನು ವಿಶೇಷ ಎಚ್ಚರದಿಂದ ಓದಬೇಕು.

ಹಂತ ಹೇಳಲೇಬಾರದ ಸಂದರ್ಭಗಳಿವೆಯೇ?

ಇವೆ. ಹಠಾತ್ತಾಗಿ ಬರುವ ತೀವ್ರ (ಅಕ್ಯೂಟ್) ಹೆಪಟೈಟಿಸ್ ಮೊದಲನೆಯದು. ಸೇತುವೆಯಂತೆ ಹಬ್ಬಿದ ಕೋಶನಾಶ ಟ್ರೈಕ್ರೋಮ್‌ನಲ್ಲಿ ತಿಳಿನೀಲಿಯಾಗಿ ಕಂಡು ಬ್ರಿಡ್ಜಿಂಗ್ ಫೈಬ್ರೋಸಿಸ್ ಎಂಬ ಭ್ರಮೆ ಹುಟ್ಟಿಸುತ್ತದೆ. ರೆಟಿಕ್ಯುಲಿನ್‌ನಲ್ಲಿ ಎಳೆಗಳು ಒಂದರ ಮೇಲೊಂದು ಒತ್ತರಿಸಿ ನಿಂತಿರುತ್ತವೆ, ಓರ್ಸೀನ್‌ನಲ್ಲಿ ಎಲಾಸ್ಟಿಕ್ ಇರುವುದಿಲ್ಲ. ಇದನ್ನು ಸಿರೋಸಿಸ್ ಎಂದು ಬರೆದರೆ, ಪೂರ್ತಿ ಚೇತರಿಸಿಕೊಳ್ಳಬಹುದಾದ ರೋಗಿಯ ತಲೆಯ ಮೇಲೆ ಜೀವನಪರ್ಯಂತದ ಕಾಯಿಲೆಯ ಹಣೆಪಟ್ಟಿ ಬೀಳುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್ ತೀವ್ರವಾಗಿ ಕಾಣಿಸಿಕೊಂಡಾಗ ಈ ಗೊಂದಲ ಅತಿ ಹೆಚ್ಚು. ಹಳೆಯ ನಾರು ಮತ್ತು ಹೊಸ ಕುಸಿತ ಎರಡೂ ಒಂದೇ ಸ್ಲೈಡ್‌ನಲ್ಲಿ ಇರಬಹುದು.

ಗಡ್ಡೆಯ ಪಕ್ಕದ ಅಂಗಾಂಶ ಇನ್ನೊಂದು. ಗಡ್ಡೆಯ ಒತ್ತಡಕ್ಕೆ ಸುತ್ತಲಿನ ಯಕೃತ್ತು ತನ್ನಷ್ಟಕ್ಕೆ ನಾರುಗಟ್ಟುತ್ತದೆ, ಆದ್ದರಿಂದ ಸಾಧ್ಯವಾದಷ್ಟು ದೂರದ ಭಾಗವನ್ನು ನೋಡಬೇಕು. ಯಕೃತ್ತನ್ನು ಹೊದ್ದಿರುವ ಗ್ಲಿಸನ್ ಪೊರೆಯ ಕೆಳಗಿನ ಕೆಲವು ಮಿಲಿಮೀಟರ್ ಕೂಡ ಹಾಗೆಯೇ. ಶಸ್ತ್ರಚಿಕಿತ್ಸೆಯ ವೇಳೆ ಅಂಚಿನಿಂದ ತೆಗೆದ ಬೆಣೆಯಾಕಾರದ ಬಯಾಪ್ಸಿಯಲ್ಲಿ ಪೊರೆಯಿಂದ ಒಳಗಿಳಿಯುವ ಸಹಜ ನಾರು ಸೆಪ್ಟಾ ಎನಿಸಿ ಹಂತ ಮೇಲೇರಿಬಿಡುತ್ತದೆ. ದೊಡ್ಡ ಪೋರ್ಟಲ್ ಟ್ರ್ಯಾಕ್ಟ್‌ಗಳಲ್ಲಿ ನಾರು ಸಹಜವಾಗಿಯೇ ಹೆಚ್ಚಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಬಯಾಪ್ಸಿ ಚೂರು ಚೂರಾಗಿ ಬಂದಿದೆ. ಸಿರೋಸಿಸ್ ಹೇಗೆ ಗುರುತಿಸುವುದು?

ಚೂರಾಗಿ ಬಂದದ್ದೇ ಒಂದು ಸುಳಿವು. ಗಂಟುಗಳು ಗಟ್ಟಿ ಸೆಪ್ಟಾಗಳಿಂದ ಕಳಚಿಕೊಳ್ಳುತ್ತವೆ. ಚೂರುಗಳ ಅಂಚು ದುಂಡಗಿದೆಯೇ, ಅಂಚಿಗೆ ನಾರಿನ ತೆಳು ಪದರ ಅಂಟಿದೆಯೇ ನೋಡಿ. ಪೋರ್ಟಲ್ ಟ್ರ್ಯಾಕ್ಟ್ ಮತ್ತು ಕೇಂದ್ರ ರಕ್ತನಾಳಗಳ ನಡುವಿನ ಅಂತರ ಏರುಪೇರಾಗಿದೆಯೇ, ಹೆಪಟೋಸೈಟ್ ಸಾಲುಗಳು ಎರಡು ಕೋಶದಷ್ಟು ದಪ್ಪವಾಗಿ ಬೇರೆ ಬೇರೆ ದಿಕ್ಕಿಗೆ ಹರಿದಿವೆಯೇ ನೋಡಿ. ಕುತ್ತಿಗೆಯ ರಕ್ತನಾಳದ ಮೂಲಕ ತೆಗೆದ ಬಯಾಪ್ಸಿಗಳು ಸಿರೋಸಿಸ್ ಇಲ್ಲದೆಯೂ ಚೂರಾಗುತ್ತವೆ, ಆದರೆ ಅಲ್ಲಿ ಒಂದು ಅನುಕೂಲವಿದೆ: ಅದೇ ಸಮಯದಲ್ಲಿ ಯಕೃತ್ತಿನ ರಕ್ತನಾಳದ ಒತ್ತಡದ ಅಂತರವನ್ನು ಅಳೆಯಬಹುದು. 10 ಮಿಲಿಮೀಟರ್ ಪಾದರಸ ಅಥವಾ ಹೆಚ್ಚಿದ್ದರೆ ಪೋರ್ಟಲ್ ರಕ್ತದೊತ್ತಡ ಗಂಭೀರ ಮಟ್ಟ ತಲುಪಿದೆ ಎಂದರ್ಥ.

ಎಲ್ಲ ಸಿರೋಸಿಸ್ ಒಂದೇ ತೆರನೇ?

ಅಲ್ಲವೇ ಅಲ್ಲ. ಹಂತ 4 ಎಂಬ ಒಂದೇ ಚೀಲಕ್ಕೆ ತೀರಾ ಬೇರೆ ಬೇರೆ ಸ್ಥಿತಿಗಳನ್ನು ತುಂಬಿದ್ದೇವೆ. ಲೆನೆಕ್ ಪದ್ಧತಿ ಇದನ್ನು ಮೂರಾಗಿ ವಿಂಗಡಿಸುತ್ತದೆ. ಹೆಚ್ಚಿನ ಸೆಪ್ಟಾಗಳು ತೆಳುವಾಗಿದ್ದರೆ 4ಎ; ಕನಿಷ್ಠ ಎರಡು ಅಗಲ ಸೆಪ್ಟಾಗಳಿದ್ದರೆ 4ಬಿ; ಅತಿ ಅಗಲವಾದ ಒಂದಾದರೂ ಸೆಪ್ಟಾ ಇದ್ದರೆ, ಇಲ್ಲವೇ ಬಯಾಪ್ಸಿಯ ಅರ್ಧಕ್ಕಿಂತ ಹೆಚ್ಚು ಭಾಗ ಪುಟ್ಟ ಗಂಟುಗಳಿಂದಲೇ ತುಂಬಿದ್ದರೆ 4ಸಿ. ಪೋರ್ಟಲ್ ಒತ್ತಡದ ಏರಿಕೆಯೊಂದಿಗೆ ಈ ವಿಂಗಡಣೆ ಹೊಂದಿಕೊಳ್ಳುತ್ತದೆ.

ಫೈಬ್ರೋಸಿಸ್ ಹಿಂದಕ್ಕೆ ಸರಿಯುತ್ತದೆಯೇ?

ಸರಿಯುತ್ತದೆ. ಕಾರಣ ನಿಂತರೆ ಸಿರೋಸಿಸ್ ಕೂಡ ಕರಗಬಲ್ಲದು ಎಂಬುದಕ್ಕೆ ಗಟ್ಟಿ ಪುರಾವೆಯಿದೆ. ಹೆಪಟೈಟಿಸ್ ಬಿಗೆ ಟೆನೊಫೊವಿರ್ ತೆಗೆದುಕೊಂಡ ರೋಗಿಗಳ ಐದು ವರ್ಷಗಳ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರ ಬಯಾಪ್ಸಿಯಲ್ಲಿ ಕೊನೆಗೆ ಅದು ಇರಲಿಲ್ಲ. ಸಿರೋಸಿಸ್ ಎಂದರೆ ಮರಳಿ ಬಾರದ ದಾರಿ ಎಂದು ಹೇಳಿಕೊಟ್ಟ ಪೀಳಿಗೆಗೆ ಇದು ದೊಡ್ಡ ಸುದ್ದಿ, ಮತ್ತು ನನಗೆ ಈ ವೃತ್ತಿಯಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟ ಸುದ್ದಿಯೂ ಹೌದು.

ಸ್ಲೈಡ್‌ನಲ್ಲಿ ಅದರ ಗುರುತುಗಳನ್ನು ವಾನ್‌ಲೆಸ್ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದರು: ತೂತು ಬಿದ್ದ ನವಿರು ಸೆಪ್ಟಾಗಳು, ಒಂಟಿಯಾಗಿ ಉಳಿದ ದಪ್ಪ ಕೊಲಾಜೆನ್ ಎಳೆಗಳು, ಪೋರ್ಟಲ್ ಟ್ರ್ಯಾಕ್ಟ್‌ನಿಂದ ಚಾಚಿದ ಮುಳ್ಳಿನಂಥ ಚೂಪು ತುದಿಗಳು, ಸೆಪ್ಟಾದೊಳಗೆ ನುಗ್ಗಿ ಬೆಳೆದ ಹೆಪಟೋಸೈಟ್‌ಗಳು. 2017ರ ಬೀಜಿಂಗ್ ವರ್ಗೀಕರಣ ದಿಕ್ಕನ್ನೇ ವರದಿಯ ಭಾಗವಾಗಿಸಿತು. ಅಗಲವಾದ, ಸಡಿಲವಾದ, ಜೀವಕೋಶಗಳಿಂದ ತುಂಬಿದ ಸೆಪ್ಟಾಗಳೇ ಹೆಚ್ಚಿದ್ದರೆ ಕಾಯಿಲೆ ಮುಂದುವರಿಯುತ್ತಿದೆ. ತೆಳುವಾದ, ಬಿಗಿಯಾದ, ಕೋಶಗಳಿಲ್ಲದ ಸೆಪ್ಟಾಗಳೇ ಹೆಚ್ಚಿದ್ದರೆ ಹಿಂದೆ ಸರಿಯುತ್ತಿದೆ. ಎರಡೂ ಸರಿಸಮವಿದ್ದರೆ ಅನಿಶ್ಚಿತ. ಎರಡು ಬಯಾಪ್ಸಿಗಳಲ್ಲೂ ಹಂತ 3 ಇರಬಹುದು, ಒಂದು ಏರುವ ದಾರಿಯಲ್ಲಿ, ಇನ್ನೊಂದು ಇಳಿಯುವ ದಾರಿಯಲ್ಲಿ. ಅಂಕಿ ಮಾತ್ರ ಓದುವವರಿಗೆ ಇದು ಕಾಣುವುದೇ ಇಲ್ಲ. ಎಚ್ಚರಿಕೆಯ ಮಾತೊಂದಿದೆ: ನಾರು ಕರಗಿದರೂ ಮುಚ್ಚಿಹೋದ ರಕ್ತನಾಳಗಳು ಮತ್ತೆ ಸರಿಯಾಗುವುದು ಕಷ್ಟ, ಕ್ಯಾನ್ಸರ್ ಅಪಾಯವೂ ತಕ್ಷಣ ಇಲ್ಲವಾಗದು. ಸಿರೋಸಿಸ್ ಇದ್ದವರ ತಪಾಸಣೆಯನ್ನು ಒಂದು ಒಳ್ಳೆಯ ಬಯಾಪ್ಸಿ ನೋಡಿ ನಿಲ್ಲಿಸಬಾರದು.

ಫೈಬ್ರೋಸ್ಕ್ಯಾನ್ ಇರುವಾಗ ಬಯಾಪ್ಸಿ ಬೇಕೇ?

ಹಂತ ತಿಳಿಯಲೆಂದಷ್ಟೇ ಬಯಾಪ್ಸಿ ಮಾಡುವುದು ಈಗ ಬಹಳ ಕಡಿಮೆಯಾಗಿದೆ, ಅದು ಒಳ್ಳೆಯದೇ. ವಯಸ್ಸು, ಎಎಸ್‌ಟಿ, ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವಗಳು ಮತ್ತು ಪ್ಲೇಟ್‌ಲೆಟ್ ಎಣಿಕೆಯಿಂದ ಲೆಕ್ಕ ಹಾಕುವ ಫಿಬ್-4 ಸೂಚ್ಯಂಕ 1.3ಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಫೈಬ್ರೋಸ್ಕ್ಯಾನ್‌ನಂಥ ಎಲಾಸ್ಟೋಗ್ರಫಿಯಲ್ಲಿ ಅಳೆದ ಯಕೃತ್ತಿನ ಬಿಗುವು 8 ಕಿಲೋಪಾಸ್ಕಲ್‌ಗಿಂತ ಕಡಿಮೆಯಿದ್ದರೆ, ಮುಂದುವರಿದ ಫೈಬ್ರೋಸಿಸ್ ಇರುವ ಸಾಧ್ಯತೆ ಕಡಿಮೆ. ಆದರೆ ಬಿಗುವು ಹೆಚ್ಚಲು ನಾರೊಂದೇ ಕಾರಣವಲ್ಲ. ತೀವ್ರ ಉರಿಯೂತ, ಹೃದಯದ ವೈಫಲ್ಯ, ಪಿತ್ತನಾಳದ ತಡೆ, ಪರೀಕ್ಷೆಗೆ ಸ್ವಲ್ಪ ಮೊದಲು ಮಾಡಿದ ಊಟ ಕೂಡ ಅದನ್ನು ಏರಿಸುತ್ತವೆ. ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ, ಕಾಯಿಲೆಯ ಕಾರಣವೇ ಸ್ಪಷ್ಟವಿಲ್ಲದಾಗ, ಎರಡು ಕಾಯಿಲೆಗಳು ಒಟ್ಟಿಗೆ ಇರುವ ಸಂಶಯವಿದ್ದಾಗ ಬಯಾಪ್ಸಿಗೆ ಪರ್ಯಾಯವಿಲ್ಲ.

ಇಬ್ಬರು ಪೆಥಾಲಜಿಸ್ಟ್‌ಗಳು ಬೇರೆ ಬೇರೆ ಹಂತ ಹೇಳಿದರೆ?

ಒಂದು ಹಂತದ ವ್ಯತ್ಯಾಸ ಅಪರೂಪವಲ್ಲ. ಆದರೂ ಯಕೃತ್ತಿನ ಲಕ್ಷಣಗಳಲ್ಲಿ ಹೆಚ್ಚು ಸಹಮತ ಸಿಗುವುದು ಫೈಬ್ರೋಸಿಸ್ ವಿಷಯದಲ್ಲೇ. ನ್ಯಾಶ್ ಸಿಆರ್‌ಎನ್ ಪದ್ಧತಿಯ ಮೂಲ ಅಧ್ಯಯನದಲ್ಲಿ ನೋಡುಗರ ಸಹಮತದ ಕಪ್ಪಾ ಮೌಲ್ಯ (1 ಎಂದರೆ ಪೂರ್ಣ ಸಹಮತ) ಫೈಬ್ರೋಸಿಸ್‌ಗೆ 0.84, ಲೋಬ್ಯೂಲ್ ಉರಿಯೂತಕ್ಕೆ 0.45. ಚಿಕಿತ್ಸೆಯ ತೀರ್ಮಾನ ನಿಂತಿರುವ ಗೆರೆಯ ಮೇಲೆ ಪ್ರಕರಣ ಕುಳಿತಿದ್ದರೆ ಇನ್ನೊಬ್ಬರಿಗೆ ತೋರಿಸಿ, ಇಬ್ಬರ ಅಭಿಪ್ರಾಯವನ್ನೂ ವರದಿಯಲ್ಲಿ ದಾಖಲಿಸಿ.

ಕಂಪ್ಯೂಟರ್ ಅಳೆದು ಕೊಟ್ಟರೆ ಸಾಲದೇ?

ಸಿರಿಯಸ್ ರೆಡ್ ಸ್ಲೈಡ್‌ನಲ್ಲಿ ಕೊಲಾಜೆನ್ ಆವರಿಸಿದ ಶೇಕಡಾವಾರು ಜಾಗವನ್ನು ಯಂತ್ರ ನಿಖರವಾಗಿ ಹೇಳುತ್ತದೆ. ಬಣ್ಣವನ್ನೇ ಹಾಕದೆ ಲೇಸರ್ ಬೆಳಕಿನಿಂದ ಕೊಲಾಜೆನ್ ಗುರುತಿಸುವ ಸೆಕೆಂಡ್ ಹಾರ್ಮೋನಿಕ್ ಜನರೇಶನ್ ತಂತ್ರವೂ ಔಷಧ ಪರೀಕ್ಷೆಗಳಲ್ಲಿ ಬಳಕೆಯಲ್ಲಿದೆ. ಇವು ಹೇಳುವುದು ಪ್ರಮಾಣವನ್ನು. ಆ ನಾರು ದೊಡ್ಡ ಟ್ರ್ಯಾಕ್ಟ್‌ನ ಸಹಜ ನಾರೇ, ಪೊರೆಯೇ, ಸೇತುವೆಯೇ ಎಂಬುದನ್ನು ಯಾರಾದರೂ ನೋಡಿ ತೀರ್ಮಾನಿಸಬೇಕು. ಸಿರೋಸಿಸ್ ಒಳಗಿನ ವ್ಯತ್ಯಾಸ ಅಳೆಯಲು ಮಾತ್ರ ಈ ಪ್ರಮಾಣ ನಿಜಕ್ಕೂ ನೆರವಾಗುತ್ತದೆ, ಏಕೆಂದರೆ ಹಂತಗಳು ಅಲ್ಲಿಗೆ ಮುಗಿದುಹೋಗಿರುತ್ತವೆ.

ವರದಿಯನ್ನು ಹೇಗೆ ಬರೆಯಬೇಕು?

ಕಾಯಿಲೆ ಮೊದಲು, ಗ್ರೇಡ್ ಆಮೇಲೆ, ನಂತರ ನಾರಿನ ವಿವರಣೆ, ಅದರ ಮುಂದೆ ಪದ್ಧತಿಯ ಹೆಸರು ಮತ್ತು ಗರಿಷ್ಠ ಅಂಕಿಯ ಸಮೇತ ಹಂತ, ಕೊನೆಗೆ ಮಾದರಿಯ ಗುಣಮಟ್ಟ. ಉದಾಹರಣೆಗೆ: "ದೀರ್ಘಕಾಲದ ಹೆಪಟೈಟಿಸ್ ಬಿ, ಸೌಮ್ಯ ಚಟುವಟಿಕೆ. ಹೆಚ್ಚಿನ ಪೋರ್ಟಲ್ ಟ್ರ್ಯಾಕ್ಟ್‌ಗಳಲ್ಲಿ ಫೈಬ್ರೋಸಿಸ್, ಅಲ್ಲಲ್ಲಿ ಟ್ರ್ಯಾಕ್ಟ್‌ನಿಂದ ಟ್ರ್ಯಾಕ್ಟ್‌ಗೆ ಸೇತುವೆ, ಗಂಟುಗಳಿಲ್ಲ. ಸೆಪ್ಟಾಗಳು ಬಹುತೇಕ ತೆಳು ಮತ್ತು ಬಿಗಿ, ಹಿಂದೆ ಸರಿಯುತ್ತಿರುವ ಲಕ್ಷಣ. ಇಶಾಕ್ ಹಂತ 3/6. ಮಾದರಿ 22 ಮಿಲಿಮೀಟರ್, 13 ಪೂರ್ಣ ಪೋರ್ಟಲ್ ಟ್ರ್ಯಾಕ್ಟ್‌ಗಳು, ಹಂತ ನಿರ್ಧಾರಕ್ಕೆ ಸಾಕಾಗುವಷ್ಟಿದೆ." ಇದನ್ನು ಓದಿದ ವೈದ್ಯರು ಫೋನ್ ಮಾಡಿ ಕೇಳಬೇಕಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ.

ಹಳೆಯ ಬಯಾಪ್ಸಿಯೊಂದಿಗೆ ಹೋಲಿಸಬೇಕಾದಾಗ?

ಹಳೆಯ ವರದಿಯ ಅಂಕಿಯನ್ನು ಹೊಸ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಆಗ ಬಳಸಿದ ಪದ್ಧತಿ, ಬಣ್ಣದ ಗುಣಮಟ್ಟ, ನೋಡಿದ ಕಣ್ಣು ಎಲ್ಲವೂ ಬೇರೆಯಾಗಿರಬಹುದು. ಹಳೆಯ ಸ್ಲೈಡ್‌ಗಳನ್ನು ತರಿಸಿ ಎರಡನ್ನೂ ಒಂದೇ ಸಲ ಕೂತು, ಸಾಧ್ಯವಾದರೆ ಯಾವುದು ಮೊದಲಿನದು ಎಂದು ತಿಳಿಯದಂತೆ ನೋಡಿ. ಹಳೆಯ ಟ್ರೈಕ್ರೋಮ್ ಮಾಸಿಹೋಗಿದ್ದು ಅಂಗಾಂಶವಿರುವ ಮೇಣದ ಬ್ಲಾಕ್ ಉಳಿದಿದ್ದರೆ ಹೊಸದಾಗಿ ಕತ್ತರಿಸಿ, ಎರಡೂ ಮಾದರಿಗಳಿಗೆ ಒಂದೇ ದಿನ ಒಟ್ಟಿಗೆ ಬಣ್ಣ ಹಾಕಿಸಿ. ಮಾದರಿಗಳಲ್ಲಿ ಒಂದು ತೀರಾ ಚಿಕ್ಕದಿದ್ದರೆ ಕಂಡ ಬದಲಾವಣೆ ಕಾಯಿಲೆಯದೋ ಮಾದರಿಯದೋ ಹೇಳಲಾಗದು ಎಂದು ವರದಿಯಲ್ಲೇ ಬರೆಯಿರಿ.